ಅವಳೇ ಆಡಿದ ಮಾತು

ಹಂಸಾಳ ಬಲಗೈ ಭುಜದಿಂದ ಮೇಲಕ್ಕೆ ಏಳದಂತಾದ ವರ್ಷವೇ ಅವಳಿಗೆ ಶೆರಿಲ್ ಸಿಕ್ಕಿದ್ದು. ಜಡೆ ಹೆಣೆದುಕೊಳ್ಳಲು ಆಗುತ್ತಿರಲಿಲ್ಲ. ಮೇಲಿನ ಶೆಲ್ಫಿನಿಂದ ಬೇಳೆ ಡಬ್ಬಿ ಇಳಿಸಬೇಕಾದರೆ ಮಗಳು ಪ್ರಣತಿಯನ್ನು ಕೂಗಬೇಕಾಗಿತ್ತು. ಗಂಡ ದ್ವಾರಕಾನಾಥ್ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಬೆಳಗ್ಗೆ ಲಾರಿಗಳು ಸಾಲು ಕಟ್ಟುವ ಮುಂಚೆ ಪಂಗಾನಿಯ ಮನೆ ಬಿಟ್ಟರೆ ಸಂಜೆ ಅದೇ ಲಾರಿಗಳ ಹಿಂದೆ ತೆವಳಿಕೊಂಡು ಬರುವವನು. ಹೆಂಡತಿಯ ಕೈ ನೋಯುತ್ತಿದೆ ಎಂದು ತಿಳಿದಾಗ "ಯಾರಾದ್ರೂ ಡಾಕ್ಟರ್‌ಗೆ ತೋರಿಸು" ಎಂದ. ಆಮೇಲೆ ಆ ವಿಷಯ ಅವನ ಬಾಯಲ್ಲಿ ಬರಲೇ ಇಲ್ಲ.

ಡಾಕ್ಟರು ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿಗೆ ಫಿಸಿಯೋಥೆರಪಿಗೆಂದು ಕಳಿಸಿದರು. ಅಲ್ಲಿ ಫಿಲಿಪೀನ್ಸಿನವಳಾದ ಶೆರಿಲ್ ಇದ್ದಳು. ಹಂಸಾಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಒಂಟಿ ಹೆಂಗಸು. ಮಾತು ಮಾತಿಗೆ ನಗುತ್ತಿದ್ದಳು, ಆದರೆ ತೋಳು ಹಿಡಿದಳೆಂದರೆ ಬಡಗಿಯ ಹಿಡಿತ. ಮೊದಲ ದಿನ ಅವಳು ಹಂಸಾಳ ಕೈಯನ್ನು ಹಿಂದಕ್ಕೆ ಎಳೆದಾಗ ಹಂಸಾ "ಅಯ್ಯಯ್ಯೋ, ನಿನ್ನ ಕೈ ಸೇದಿ ಹೋಗ" ಎಂದು ಕಿರುಚಿದಳು. ಶೆರಿಲ್ ಅದನ್ನು ಮೆಚ್ಚುಗೆಯೆಂದು ತಿಳಿದು ಥ್ಯಾಂಕ್ ಯೂ ಎಂದಳು.

ಎರಡನೇ ವಾರದಿಂದ ಅವಳು ಹಂಸಾಳನ್ನು 'ಆತೆ' ಎಂದು ಕರೆಯತೊಡಗಿದಳು. ಹಂಸಾಳಿಗೆ ಕಸಿವಿಸಿ. ನಾನೇನು ಇವಳಿಗೆ ಅತ್ತೆಯಾಗುವಷ್ಟು ಮುದುಕಿಯೇ? ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. ಹಾಗೆಂದರೆ ನಮ್ಮ ಭಾಷೆಯಲ್ಲಿ ಅಕ್ಕ ಎಂದು ಶೆರಿಲ್ ಬಿಡಿಸಿ ಹೇಳಿದಾಗ, ಹಂಸಾ ತನ್ನ ಭಾಷೆಯಲ್ಲಿ ಅತ್ತೆ ಎಂದರೆ ಯಾರು, ತನ್ನ ಅತ್ತೆ ಎಂಥವರು ಎಲ್ಲ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಪರದೆಯ ಆಚೆ ಬೆನ್ನಿಗೆ ಶಾಖ ತೆಗೆದುಕೊಳ್ಳುತ್ತಿದ್ದ ಮುದುಕರೊಬ್ಬರು ಕೆಮ್ಮಿದರು.

ಗೋಡೆಯ ಕಡೆ ಮುಖ ಮಾಡಿ ಮಲಗಿ, ಯಾರೋ ಭುಜ ನೀವುತ್ತಿರುವಾಗ ಬಾಯಿ ತಾನಾಗಿ ಸಡಿಲವಾಗುತ್ತದೆ. ಹಂಸಾ ಎಷ್ಟೋ ವರ್ಷಗಳಿಂದ ಯಾರ ಹತ್ತಿರವೂ ಆಡದ ಮಾತುಗಳನ್ನು ಶೆರಿಲ್ ಹತ್ತಿರ ಆಡಿದಳು. ಮನೆಯಲ್ಲಿ ಗುಡುಗುವ ದ್ವಾರಕಾನಾಥ್, ತನಗಿಂತ ಹದಿನೈದು ವರ್ಷ ಚಿಕ್ಕವನಾದ ಮಾಲೀಕರ ಮಗನ ಮುಂದೆ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಲ್ಲುವುದನ್ನು ತಾನು ಕಂಪನಿಯ ದೀಪಾವಳಿ ಪಾರ್ಟಿಯಲ್ಲಿ ಕಣ್ಣಾರೆ ಕಂಡದ್ದು ಹೇಳಿದಳು. ಜನರಲ್ ಮ್ಯಾನೇಜರ್ ಹುದ್ದೆ ತನಗೇ ಎಂದು ಅವನು ಕಾದು ಕೂತಿದ್ದ, ಅದು ಮಾಲೀಕರ ಸೋದರಳಿಯನ ಪಾಲಾಯಿತು. ಅದೇ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ತಮ್ಮನ ಗೃಹಪ್ರವೇಶದಲ್ಲಿ ಬಂದವರಿಗೆಲ್ಲ ತಾನು ಜಿಎಂ ಆಗಿದ್ದೇನೆಂದು ಹೇಳಿಕೊಂಡ. ಹಂಸಾ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದಳು. ಅದನ್ನೂ ಹೇಳಿದಳು. ಹೇಳಿದ ಮೇಲೆ ಭುಜಕ್ಕಿಂತ ಎದೆ ಹಗುರವಾಯಿತು.

ಶೆರಿಲ್ ಕೂಡ ಹೇಳಿಕೊಂಡಳು. ತನ್ನ ದೇಶವನ್ನು ಅವಳು ಬೈಯುತ್ತಿದ್ದಷ್ಟು ಯಾರೂ ಬೈಯುತ್ತಿರಲಿಲ್ಲ. ಅಲ್ಲಿಯ ಟ್ರಾಫಿಕ್ಕು, ಪ್ರವಾಹ, ಹಾಡಿ ಕುಣಿದು ವೋಟು ಕೇಳುವ ರಾಜಕಾರಣಿಗಳು, ಅವರಿಗೇ ವೋಟು ಹಾಕುವ ತನ್ನ ಅಣ್ಣ. ಆದರೆ ಬೇರೆಯವರು ಒಂದು ಮಾತು ಅಂದರೆ ಅವಳ ಬಣ್ಣವೇ ಬದಲಾಗುತ್ತಿತ್ತು. ಒಮ್ಮೆ ಆಸ್ಟ್ರೇಲಿಯಾದವನೊಬ್ಬ ಫಿಲಿಪೀನ್ಸಿನ ಅಡುಗೆಯೆಲ್ಲ ಕಂದು ಬಣ್ಣ, ಹುಳಿ ರುಚಿ ಎಂದು ವಿಡಿಯೋ ಮಾಡಿದನಂತೆ. ಶೆರಿಲ್ ಒಂದು ಇಡೀ ಭಾನುವಾರ ಅವನಿಗೆ ಉತ್ತರ ಬರೆಯುತ್ತ ಕೂತಿದ್ದಳು. ಅವಳ ಜೊತೆ ಲಕ್ಷಾಂತರ ಮಂದಿ ಊರಿನವರು.

"ಆದ್ರೆ ನೀನೇ ಹೋದ ವಾರ ನಿಮ್ಮ ಊಟ ಎಲ್ಲಾ ಕಂದು ಅಂದ್ಯಲ್ಲ?" ಎಂದಳು ಹಂಸಾ.

"ನಾನು ಅಂದೆ ಆತೆ. ಅವನ್ಯಾಕೆ ಅನ್ನಬೇಕು?" ಶೆರಿಲ್ ತಾನೇ ನಕ್ಕಳು. "ನಮ್ಮ ಊರಲ್ಲಿ ಇದಕ್ಕೊಂದು ಹೆಸರೇ ಇದೆ. ಈರುಳ್ಳಿ ಸಿಪ್ಪೆಯಂಥ ಚರ್ಮ ಅಂತೀವಿ. ಸ್ವಲ್ಪ ಉಗುರು ತಾಗಿದರೂ ಹರಿಯುತ್ತೆ."

ಭುಜದ ಗೆಳೆತನ ಸಂತೆಗೂ ಹಬ್ಬಿತು. ಶನಿವಾರಗಳಂದು ಇಬ್ಬರೂ ಎನ್‌ಗಾರಾ ಕಡೆಯ ತರಕಾರಿ ಅಂಗಡಿಗಳಿಗೆ ಹೋಗುತ್ತಿದ್ದರು. ನುಗ್ಗೆಸೊಪ್ಪು, ಹಾಗಲಕಾಯಿ, ಹುಣಸೆ: ಇಬ್ಬರ ಚೀಲದಲ್ಲೂ ಒಂದೇ ಸಾಮಾನು. ಹೀಗೆ ಒಂದು ಶನಿವಾರ ಅಂಗಡಿಯ ಎದುರು ನಿಂತಿದ್ದ ಗುಜರಾತಿ ಅಜ್ಜಿಯೊಬ್ಬರು ಶೆರಿಲ್ ಮುಖ ನೋಡಿ, ಹಂಸಾಳನ್ನು ನೋಡಿ, "ನಿಮ್ಮ ಮನೆ ಕೆಲಸಕ್ಕೆ ಇದ್ದಾಳಾ? ಫಿಲಿಪಿನೋಗಳು ಒಳ್ಳೇ ಕೆಲಸದವರಂತೆ" ಎಂದು ಇಂಗ್ಲಿಷಿನಲ್ಲೇ ಕೇಳಿದರು. ಹಂಸಾ ಗಾಬರಿಯಾಗಿ ಇವರು ಥೆರಪಿಸ್ಟ್ ಎಂದಳು. ಶೆರಿಲ್ ನಗುತ್ತಲೇ ಇದ್ದಳು. ಆದರೆ ಕಾರಿನಲ್ಲಿ ಕೂತ ಮೇಲೆ ತನ್ನ ಅಮ್ಮನ ವಿಷಯ ಹೇಳಿದಳು.

ಶೆರಿಲ್ ಇನ್ನೂ ಒಂದನೇ ಕ್ಲಾಸಿನಲ್ಲಿದ್ದಾಗಲೇ ಅವಳ ಅಮ್ಮ ಕುವೈತಿಗೆ ಮನೆಗೆಲಸಕ್ಕೆ ಹೋದಳು. ಅಲ್ಲಿ ಬೇರೆಯವರ ಮೂರು ಮಕ್ಕಳನ್ನು ಸಾಕಿದಳು. ಊರಿಗೆ ಬರುತ್ತಿದ್ದದ್ದು ದೊಡ್ಡ ರಟ್ಟಿನ ಪೆಟ್ಟಿಗೆಗಳು: ಸೋಪು, ಚಾಕೊಲೇಟು, ಟವೆಲು, ಶೂ. ಆ ಶೂ ಯಾವಾಗಲೂ ಬಿಗಿ. ಅಮ್ಮನ ನೆನಪಿನಲ್ಲಿದ್ದದ್ದು ಹೋದ ಸಲ ನೋಡಿದ ಕಾಲು. ಅಮ್ಮನಿಗೆ ಬೇಜಾರಾಗಬಾರದೆಂದು ಶೆರಿಲ್ ಆ ಶೂ ಹಾಕಿಕೊಂಡೇ ಫೋಟೋ ತೆಗೆಸಿ ಕಳಿಸುತ್ತಿದ್ದಳು. ಅಮ್ಮ ಪೂರ್ತಿಯಾಗಿ ಮನೆಗೆ ಬಂದಾಗ ಶೆರಿಲ್ ಕಾಲೇಜು ಮುಗಿಸಿದ್ದಳು. ಇಬ್ಬರಿಗೂ ಒಬ್ಬರೊಡನೊಬ್ಬರು ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ.

"ನಮ್ಮ ದೇಶ ಏನು ರಫ್ತು ಮಾಡುತ್ತೆ ಅಂತ ಶಾಲೆಯಲ್ಲಿ ಕೇಳ್ತಿದ್ರು, ಆತೆ. ತೆಂಗಿನಕಾಯಿ, ಬಾಳೆಹಣ್ಣು ಅಂತ ಬರೀತಿದ್ವಿ. ಸುಳ್ಳು. ನಮ್ಮ ದೇಶ ಅಮ್ಮಂದಿರನ್ನ ರಫ್ತು ಮಾಡುತ್ತೆ." ಶೆರಿಲ್ ಕಣ್ಣೊರೆಸಿಕೊಳ್ಳಲಿಲ್ಲ. ಕಿಟಕಿಯಾಚೆ ಜನ ತುಂಬಿಕೊಂಡ ಮಟಾಟು ವ್ಯಾನೊಂದು ಜೋರಾಗಿ ಹಾಡು ಹಾಕಿಕೊಂಡು ಅಡ್ಡ ನುಗ್ಗಿತು. ಹಂಸಾ ಅವಳ ಕೈ ಹಿಡಿದುಕೊಂಡಳು.

ಆ ಮಾತು ಹಂಸಾಳ ಹೊಟ್ಟೆಯೊಳಗೇ ಉಳಿಯಬೇಕಿತ್ತು. ಅವಳಿಗೆ ಅದು ಗೊತ್ತಿತ್ತು.

ಆದರೆ ಅವಳ ಮನೆಯ ಊಟದ ಮೇಜಿನ ಮೌನ ಹೇಗಿತ್ತೆಂದು ಹೇಳಬೇಕು. ಪ್ರಣತಿ ಫೋನು ನೋಡುತ್ತ ಉಣ್ಣುತ್ತಿದ್ದಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ. ದ್ವಾರಕಾನಾಥ್ ಸಾರಿಗೆ ಉಪ್ಪು ಕಡಿಮೆಯಾದಾಗ ಮಾತ್ರ ತಲೆಯೆತ್ತುತ್ತಿದ್ದ. ಹಂಸಾ ಏನು ಹೇಳಿದರೂ ಅವನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಒಂದು ಸಂಜೆ ಅವಳು ಶೆರಿಲ್‌ಳ ಅಮ್ಮನ ಕತೆ ಶುರು ಮಾಡಿದಾಗ ಅವನು ತುತ್ತು ನಿಲ್ಲಿಸಿ ಕೇಳಿದ. ಬಿಗಿಯಾದ ಶೂಗಳ ಮಾತು ಬಂದಾಗ "ಛೇ" ಎಂದ. ಅಮ್ಮಂದಿರ ರಫ್ತು ಎಂದಾಗ, "ವ್ಹಾ! ಎಂಥಾ ಮಾತು ಹೇಳಿದಾಳೆ ನೋಡು" ಎಂದು ಹಂಸಾಳ ಮುಖವನ್ನೇ ನೋಡಿದ. ಅವನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ. ಹಂಸಾ ಉತ್ಸಾಹದಿಂದ ಉಳಿದದ್ದನ್ನೂ ಹೇಳಿದಳು.

ಮುಂದಿನ ತಿಂಗಳು ಮಧುಕರ, ಶ್ರೀರಂಜನಿ ಎಂಬ ದಂಪತಿ ಬೆಂಗಳೂರಿನಿಂದ ಬ್ಯಾಂಕಿನ ಪೋಸ್ಟಿಂಗ್ ಮೇಲೆ ನೈರೋಬಿಗೆ ಬಂದರು. ದ್ವಾರಕಾನಾಥನ ತಮ್ಮನಿಗೆ ಪರಿಚಯದವರು. ಅವರನ್ನು ಭಾನುವಾರದ ಊಟಕ್ಕೆ ಕರೆದಾಗ ಹಂಸಾ ಶೆರಿಲ್‌ಳನ್ನೂ ಕರೆದಳು. ತನ್ನ ಕೈ ಈಗ ತಲೆಯವರೆಗೂ ಏಳುತ್ತಿತ್ತು, ಇದು ಇವಳ ಕೈಗುಣ ಎಂದು ನಾಲ್ಕು ಜನರ ಮುಂದೆ ಹೇಳಬೇಕೆಂಬ ಆಸೆ. ಶೆರಿಲ್ ಅಂಟಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಮಾಡಿದ ತಮ್ಮೂರಿನ ಸಿಹಿಯನ್ನು ಸ್ಟೀಲ್ ಪಾತ್ರೆಯಲ್ಲಿ ತಂದಿದ್ದಳು. ಮೊಟ್ಟೆ ಗಿಟ್ಟೆ ಏನೂ ಇಲ್ಲ, ಪಾತ್ರೆ ಕೂಡ ಹೊಸದು ಎಂದು ಬಾಗಿಲಲ್ಲೇ ಹೇಳಿದಳು.

ಊಟ ಚೆನ್ನಾಗಿಯೇ ಶುರುವಾಯಿತು. ಬಿಸಿಬೇಳೆಬಾತ್, ಕೋಸಂಬರಿ, ಹಾಗಲಕಾಯಿ ಗೊಜ್ಜು. ಶೆರಿಲ್ ಎಲ್ಲರ ಹಾಗೆ ಕೈಯಲ್ಲೇ ಉಂಡಳು, ಗೊಜ್ಜನ್ನು ಎರಡು ಸಲ ಹಾಕಿಸಿಕೊಂಡಳು. ಮಧುಕರ, "ಸರ್ ಜಿಎಂ ಅಂತ ಅಲ್ಲಿ ಎಲ್ಲಾರೂ ಹೇಳ್ತಿರ್ತಾರೆ. ಅಷ್ಟು ದೊಡ್ಡ ಫ್ಯಾಕ್ಟರಿ ಒಬ್ಬರೇ ನೋಡ್ಕೊಳೋದು ಅಂದ್ರೆ ಸುಮ್ನೇನಾ?" ಎಂದು, ಶೆರಿಲ್‌ಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದ. ದ್ವಾರಕಾನಾಥ್ ಸಣ್ಣಗೆ ನಕ್ಕು, ಏನೋ ದೇವರ ದಯೆ ಎಂದ. ಹಂಸಾ ತಟ್ಟನೆ ಶೆರಿಲ್ ಕಡೆ ನೋಡಿದಳು. ಶೆರಿಲ್ ತಟ್ಟೆಯ ಕಡೆ ಕಣ್ಣಿಳಿಸಿ ಅನ್ನ ಕಲಸುತ್ತಿದ್ದಳು.

ಜಿಎಂ ಎನ್ನಿಸಿಕೊಂಡ ಖುಷಿಗೋ ಏನೋ ದ್ವಾರಕಾನಾಥನ ಗಂಟಲು ದೊಡ್ಡದಾಯಿತು. ಹಿಂದೊಮ್ಮೆ ಕಂಪನಿ ಅವನನ್ನು ಮಾತ್ರೆ ಪ್ಯಾಕ್ ಮಾಡುವ ಯಂತ್ರವೊಂದನ್ನು ನೋಡಿ ಬರಲು ಮನಿಲಾಕ್ಕೆ ಕಳಿಸಿತ್ತು. ಆ ಕತೆ ಶುರುವಾಯಿತು. ಏರ್‌ಪೋರ್ಟಿನಿಂದ ಹೋಟೆಲಿಗೆ ಮೂರು ಗಂಟೆ ಟ್ರಾಫಿಕ್ಕು ಎಂದ. ಶೆರಿಲ್ ನಕ್ಕು, "ನಿಮ್ಮ ಅದೃಷ್ಟ ಚೆನ್ನಾಗಿತ್ತು ಸರ್, ಮಳೆ ಬಂದಿದ್ದರೆ ಐದು" ಎಂದಳು. ಎಲ್ಲೆಂದರಲ್ಲಿ ಹಾಡು, ಕೆಲಸದ ಜಾಗದಲ್ಲೂ ಹಾಡು, ಶಿಸ್ತೇ ಇಲ್ಲ ಎಂದ. ಶೆರಿಲ್ ನಗು ಸ್ವಲ್ಪ ಸಣ್ಣದಾಯಿತು. ಒಳ್ಳೆಯ ಜನ, ಆದರೆ ಮುಂದೆ ಬರಬೇಕೆಂಬ ಹಟವಿಲ್ಲ, ನಮ್ಮ ಬೆಂಗಳೂರು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ ಎಂದ.

"ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಾನೂ ಕೇಳಿದ್ದೇನೆ ಸರ್" ಎಂದಳು ಶೆರಿಲ್. "ಅಲ್ಲಿ ಕೆರೆಯಲ್ಲಿ ನೊರೆ ಬರುತ್ತಂತೆ, ಬೆಂಕಿ ಕೂಡ ಹತ್ತಿತ್ತಂತೆ ಅಲ್ಲವಾ?"

ಶ್ರೀರಂಜನಿ ಕಿಸಕ್ಕನೆ ನಕ್ಕುಬಿಟ್ಟಳು. "ಹೌದಪ್ಪಾ, ನಮ್ಮ ಮನೆ ಹತ್ರಾನೇ!"

ದ್ವಾರಕಾನಾಥ್ ನಗಲಿಲ್ಲ. ಅವನ ಕಿವಿ ಕೆಂಪಾಯಿತು. ಅದು ಅಭಿವೃದ್ಧಿಯ ಸಮಸ್ಯೆ, ಬೇರೆ ವಿಷಯ ಎಂದ. ನೀರು ಕುಡಿದ. ಆಮೇಲೆ ಲೋಟ ಕೆಳಗಿಟ್ಟು ಮಧುಕರನ ಕಡೆ ತಿರುಗಿ, ತನಗೇ ಹೊಳೆದದ್ದೆಂಬಂತೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: "ನೋಡಿ, ಕೆಲವು ದೇಶ ಕಾರು ರಫ್ತು ಮಾಡುತ್ತೆ, ಕೆಲವು ಔಷಧಿ. ಅವರ ದೇಶ ಅಮ್ಮಂದಿರನ್ನ ರಫ್ತು ಮಾಡುತ್ತೆ. ಅಮ್ಮ ಇಲ್ಲದೆ ಬೆಳೆದ ಮಕ್ಕಳಿಂದ ಏನು ಶಿಸ್ತು ನಿರೀಕ್ಷೆ ಮಾಡ್ತೀರಿ?"

ಶೆರಿಲ್ ಮೊದಲು ದ್ವಾರಕಾನಾಥನನ್ನು ನೋಡಲಿಲ್ಲ. ಹಂಸಾಳನ್ನು ನೋಡಿದಳು. ಹಂಸಾ ಕೋಸಂಬರಿಯ ಬಟ್ಟಲನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದಳು.

"ಅದನ್ನು ಎಲ್ಲಾದರೂ ಓದಿದಿರಾ ಸರ್?" ಶೆರಿಲ್ ಕೇಳಿದಳು.

"ಓದೋದೇನು ಬಂತು, ನೀವೇ ಹಂಸಾಗೆ ಹೇಳಿದ್ದಲ್ವಾ? ನೀವೇ ಆಡಿದ ಮಾತು!" ಅವನು ನಿಜವಾಗಿಯೂ ಆಶ್ಚರ್ಯಪಟ್ಟಿದ್ದ.

"ಹೌದು ಸರ್. ನಾನೇ ಆಡಿದ ಮಾತು. ಆಡುವುದಕ್ಕೆ ನನಗೆ ಹಕ್ಕಿತ್ತು."

ದ್ವಾರಕಾನಾಥ್ ಮಧುಕರನಿಗೆ ಕಣ್ಣು ಮಿಟುಕಿಸಿ ಕನ್ನಡಕ್ಕೆ ತಿರುಗಿದ. "ಇವ್ರು ತುಂಬಾ ಸೆನ್ಸಿಟಿವ್ ಕಣ್ರೀ, ಒಂದು ಜೋಕ್ ಕೂಡ ಟೇಕ್ ಮಾಡಲ್ಲ." ಅವಳಿಗೆ ತಿಳಿಯದ ಭಾಷೆಯಲ್ಲಿ ಆಡಿದೆನೆಂದು ಅವನು ಅಂದುಕೊಂಡಿದ್ದ. ಮಾತಿನೊಳಗೆ ತಿಳಿಯಬೇಕಾದ ಪದಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು.

ಶೆರಿಲ್ ಎದ್ದು ಕೈ ತೊಳೆದು ಬಂದಳು. ಊಟ ಬಹಳ ಚೆನ್ನಾಗಿತ್ತು ಎಂದಳು. ಎಲ್ಲರಿಗೂ, ದ್ವಾರಕಾನಾಥನಿಗೂ, ಥ್ಯಾಂಕ್ಸ್ ಹೇಳಿದಳು. ಪ್ರಣತಿಯನ್ನು ತಬ್ಬಿಕೊಂಡಳು. ಹಂಸಾ ಗೇಟಿನವರೆಗೂ ಓಡುತ್ತ ಹೋದಾಗ ಟ್ಯಾಕ್ಸಿಯಲ್ಲಿ ಕೂರುತ್ತ, "ಒಳಗೆ ಹೋಗಿ ಮೇಡಂ, ಅತಿಥಿಗಳು ಇದ್ದಾರೆ" ಎಂದಳು. ಆತೆ ಎನ್ನಲಿಲ್ಲ.

ಅತಿಥಿಗಳು ಹೋದ ಮೇಲೆ ಹಂಸಾ ಪಾತ್ರೆಗಳನ್ನು ಎತ್ತಿಡುತ್ತ ಕೇಳಿದಳು: "ಯಾಕ್ರೀ ಹಾಗಂದ್ರಿ? ನಾನು ನಿಮ್ಮನ್ನ ನಂಬಿ ಹೇಳಿದ್ದು."

"ಏನಂದೆ ಈಗ? ಅವಳು ಹೇಳಿದ್ದನ್ನೇ ಹೇಳಿದೆ. ನಮ್ಮನೆಗೆ ಬಂದು, ನಮ್ಮ ಅನ್ನ ತಿಂದು, ಬೆಂಗಳೂರಿನ ಬಗ್ಗೆ ಮಾತಾಡೋಕೆ ಅವಳ್ಯಾರು? ಯಾವತ್ತಾದ್ರೂ ನೋಡಿದಾಳಾ?"

"ಯೂ ವರ್ ಮೀನ್, ಅಪ್ಪ" ಎಂದಳು ಸೋಫಾದ ಮೇಲಿಂದ ಪ್ರಣತಿ. "ರಿಯಲಿ ಮೀನ್."

"ನೀನು ಸುಮ್ನಿರು. ಅಪ್ಪನಿಗೆ ಹಾಗೆಲ್ಲಾ ಅನ್ನಬಾರದು" ಎಂದು ಹಂಸಾ ಗದರಿದಳು. ಯಾಕೆ ಗದರಿದೆನೆಂದು ಅವಳಿಗೇ ತಿಳಿಯಲಿಲ್ಲ.

ಹಂಸಾ ಮೆಸೇಜು ಕಳಿಸಿದಳು. ಅದಕ್ಕೆ 'ಪರವಾಗಿಲ್ಲ ಮೇಡಂ' ಎಂದು, ಜೊತೆಗೊಂದು ಹೂವಿನ ಚಿತ್ರ ಬಂತು. ಶನಿವಾರ ಸಂತೆಗೆ ಬರುತ್ತೀಯಾ ಎಂದು ಕೇಳಿದಾಗ ಕೆಲಸವಿದೆ ಎಂಬ ಉತ್ತರ ಬಂತು. ಬೈದಿದ್ದರೆ ಚೆನ್ನಾಗಿತ್ತು. ಆ ಸಭ್ಯತೆಯ ಗೋಡೆಗೆ ಎಲ್ಲಿಯೂ ಬಾಗಿಲು ಕಾಣುತ್ತಿರಲಿಲ್ಲ. ಕೊನೆಗೆ ಹಂಸಾ ಆ ಸ್ಟೀಲ್ ಪಾತ್ರೆಯನ್ನು ತೊಳೆದು, ಅದರ ತುಂಬ ಹಾಗಲಕಾಯಿ ಗೊಜ್ಜು ಹಾಕಿಕೊಂಡು, ಚಿಕಿತ್ಸೆಯ ದಿನ ಹರ್ಲಿಂಗ್‌ಹ್ಯಾಮ್‌ಗೆ ಹೋದಳು. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡಳು. ತಪ್ಪು ನನ್ನದು, ನಾನು ಅದನ್ನು ಮನೆಯಲ್ಲಿ ಹೇಳಬಾರದಿತ್ತು: ಅಷ್ಟೇ ಹೇಳಬೇಕು, ಬೇರೇನೂ ಬೇಡ ಎಂದುಕೊಂಡಳು.

ಶೆರಿಲ್ ಪಾತ್ರೆ ತೆಗೆದುಕೊಂಡು ಥ್ಯಾಂಕ್ಸ್ ಎಂದಳು. ಮಲಗಲು ಹೇಳಿದಳು. ಕೈಗಳು ಅವೇ, ಹಿಡಿತವೂ ಅದೇ. ಮಾತು ಮಾತ್ರ ಉಸಿರು ಎಳೆದುಕೊಳ್ಳಿ, ಬಿಡಿ, ಅಷ್ಟೇ.

ಹಂಸಾ ಗೋಡೆ ನೋಡುತ್ತ ಬಾಯಿ ತೆರೆದಳು. ಜೋಡಿಸಿಟ್ಟುಕೊಂಡ ಮಾತು ಬರಲಿಲ್ಲ. "ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ ಶೆರಿಲ್. ಅವರು ಮಾತಾಡೋದೇ ಹಾಗೆ" ಎಂದಳು.

"ನನಗೆ ಸರ್ ಮೇಲೆ ಸಿಟ್ಟಿಲ್ಲ ಮೇಡಂ. ಅವರು ಹೊರಗಿನವರು. ಹೊರಗಿನವರು ಏನೇನೋ ಹೇಳ್ತಾರೆ, ಎರಡು ದಿನ ಉರಿಯುತ್ತೆ, ಹೋಗುತ್ತೆ." ಭುಜದ ಮೇಲಿನ ಬೆರಳು ಒಂದು ಗಂಟಿನ ಮೇಲೆ ನಿಂತಿತು. "ನಾನು ಹೇಳಿಕೊಂಡದ್ದು ನಿಮಗೆ."

ಹಂಸಾ ಗೋಡೆಯ ಬಣ್ಣವನ್ನು ಉಗುರಿನಿಂದ ಕೆರೆದಳು.

"ಆ ದಿನ ನಿಮ್ಮ ಮೇಜಿನಲ್ಲಿ ನನ್ನ ಬಾಯಲ್ಲೂ ಒಂದು ಮಾತಿತ್ತು" ಎಂದಳು ಶೆರಿಲ್. ದನಿ ಏರಲಿಲ್ಲ. "ನಿಮ್ಮ ಸ್ನೇಹಿತರು ಅವರನ್ನ ಜನರಲ್ ಮ್ಯಾನೇಜರ್ ಅಂದಾಗ. ನಾನು ನುಂಗಿದೆ. ಆಮೇಲೆ ಅವರು ನನ್ನ ಅಮ್ಮನ ಬಗ್ಗೆ ಅಂದಾಗಲೂ ನುಂಗಿದೆ."

ಅದು ನಿಜ. ಅದು ನಿಜವೆಂದೇ ಹಂಸಾಳ ಮೈ ಕಾವೇರಿತು. ತನ್ನ ಗಂಡನ ಮರ್ಯಾದೆ ಇವಳ ಬಾಯಲ್ಲಿತ್ತು, ಇವಳು ದಯೆ ತೋರಿಸಿ ನುಂಗಿದಳು, ಈಗ ಅದನ್ನು ಎತ್ತಿ ತೋರಿಸುತ್ತಿದ್ದಾಳೆ. ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತ ದ್ವಾರಕಾನಾಥ್ ಕಣ್ಣ ಮುಂದೆ ಬಂದ. ಆ ಚಿತ್ರವನ್ನು ಶೆರಿಲ್‌ಗೆ ಕೊಟ್ಟವಳು ತಾನೇ. ಆದರೆ ಈಗ ಅದನ್ನು ಬೇರೆಯವಳೊಬ್ಬಳು ನೋಡುತ್ತಿದ್ದಾಳೆಂಬುದೇ ಸಹಿಸದಾಯಿತು. ಅವಳು ಎದ್ದು ಕೂತಳು.

"ನನ್ನ ಗಂಡನ ವಿಷಯ ಎತ್ತಬೇಡ. ಅವರ ಬಗ್ಗೆ ನಿನಗೇನು ಗೊತ್ತು?"

"ನೀವು ಹೇಳಿದ್ದಷ್ಟೇ, ಮೇಡಂ."

"ಅವರು ಮನೆಗೋಸ್ಕರ ಎಷ್ಟು ದುಡೀತಾರೆ ಗೊತ್ತಾ? ಹೇಗೇ ಇರಲಿ, ಅವರು ನಮ್ಮ ಜೊತೆಗಿದ್ದಾರೆ. ನಮ್ಮಲ್ಲಿ ಮಕ್ಕಳನ್ನ ಬಿಟ್ಟು ಯಾರೂ ಹಾಗೆ ಹೋಗಲ್ಲ. ತಾಯಿ ಅಂತೂ ಹೋಗೋದೇ ಇಲ್ಲ."

ಮಾತು ಹೊರಗೆ ಬಂದು ಗಾಳಿಯಲ್ಲಿ ನಿಂತಿತು. ಹಂಸಾ ಅದನ್ನು ಕೇಳಿಸಿಕೊಂಡಳು. ಅದು ಸುಳ್ಳೆಂಬುದೂ ಅವಳಿಗೆ ಗೊತ್ತಿತ್ತು. ಅವಳ ಸ್ವಂತ ಚಿಕ್ಕಮ್ಮ ಮೂರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಎಷ್ಟೋ ವರ್ಷ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದಳು. ತಕ್ಷಣ ಬಾಯಿ ಮುಚ್ಚಿಕೊಂಡು ತಪ್ಪಾಯಿತು ಎಂದಿದ್ದರೆ ಏನಾಗುತ್ತಿತ್ತೋ. ಆದರೆ ಗದ್ದ ಮೇಲೆದ್ದಿತ್ತು, ಇಳಿಸಲು ಆಗಲಿಲ್ಲ.

ಶೆರಿಲ್ ಟವೆಲನ್ನು ಹಂಸಾಳ ಭುಜದ ಮೇಲೆ ಹೊದಿಸಿದಳು. ತುದಿಯನ್ನು ಸರಿಮಾಡಿದಳು. "ಇವತ್ತಿಗೆ ಸಾಕು ಮೇಡಂ. ಮನೆಯಲ್ಲಿ ವ್ಯಾಯಾಮ ಬಿಡಬೇಡಿ" ಎಂದು ಪರದೆ ಸರಿಸಿ ಹೋದಳು. ಮುಂದಿನ ಸಲದಿಂದ ಹಂಸಾಳಿಗೆ ಕಿಪ್ರೋನೊ ಎಂಬ ಹುಡುಗನನ್ನು ಹಾಕಿದರು. ಒಳ್ಳೆಯ ಹುಡುಗ, ಕೆಲಸ ಚೆನ್ನಾಗಿ ತಿಳಿದವನು.

ಜಗಳವಾದ ದಿನದ ಸಂಜೆ ಅವಳ ಮುಖ ನೋಡಿ ದ್ವಾರಕಾನಾಥ್ ಏನಾಯಿತೆಂದು ಕೇಳಿದ. ಎಂದೂ ಕೇಳದವನು ಅಂದು ಕೇಳಿದ. ನಡೆದದ್ದನ್ನು ಹೇಳಬೇಕೆಂದರೆ ಜಿಎಂ ವಿಷಯ ಹೇಳಬೇಕು, ಅದನ್ನು ಶೆರಿಲ್‌ಗೆ ಹೇಳಿದವಳು ತಾನೆಂದು ಒಪ್ಪಬೇಕು. ಹಂಸಾ ಬಾಯಿಗೆ ಬಂದದ್ದು ಹೇಳಿದಳು: "ಅವಳು ಇಂಡಿಯನ್ಸ್ ಬಗ್ಗೆ ಏನೇನೋ ಅಂದಳು. ನಾನೂ ಸರಿಯಾಗಿ ಕೊಟ್ಟೆ."

"ಏನಂದಳು?"

"ಬಿಡಿ, ಬಾಯಲ್ಲಿ ಹೇಳೋ ಹಾಗಿಲ್ಲ."

ದ್ವಾರಕಾನಾಥ್ ಅವಳನ್ನು ಮೆಚ್ಚುಗೆಯಿಂದ ನೋಡಿದ. "ಒಳ್ಳೇದು ಮಾಡಿದೆ ಕಣೇ" ಎಂದ. ಅಡುಗೆಮನೆಗೆ ಬಂದು ತಾನೇ ಕಾಫಿ ಕೂಡ ಬೆರೆಸಿಕೊಟ್ಟ. ಹಂಸಾ ಆ ಕಾಫಿಯನ್ನು ಪೂರ್ತಿ ಕುಡಿದಳು.

ಸುಳ್ಳಿಗೆ ಆಮೇಲೆ ಅವಳ ಅಗತ್ಯ ಬೀಳಲಿಲ್ಲ, ತಾನೇ ನಡೆದಾಡಿಕೊಂಡಿತು. ದ್ವಾರಕಾನಾಥ್ ಮಧುಕರನಿಗೆ ಹೇಳಿದ. ಮಧುಕರ ಬ್ಯಾಂಕಿನಲ್ಲಿ ಹೇಳಿದ. ಬೆನ್ನುನೋವಿಗೆ ಆ ಕ್ಲಿನಿಕ್ಕಿಗೇ ಹೋಗಬೇಕೆಂದಿದ್ದ ಶ್ರೀರಂಜನಿ ಬೇರೆ ಕಡೆ ಹೋದಳು. ಅವಳ ಬಾಯಿಂದ ಕೇಳಿ ಇನ್ನೂ ಇಬ್ಬರು ಮೂವರು ಬಿಟ್ಟರು. ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಅರ್ಧಕ್ಕರ್ಧ ಇಂಡಿಯಾದವರು. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಕಿಪ್ರೋನೊ ಕೈ ನೀವುತ್ತ, "ಶೆರಿಲ್ ಬಗ್ಗೆ ಯಾರೋ ಮ್ಯಾನೇಜರ್‌ಗೆ ದೂರು ಕೊಟ್ಟಿದ್ದಾರೆ. ಇಂಡಿಯಾದವರಿಗೆ ಬೈದಳಂತೆ. ನನಗೆ ನಂಬಿಕೆ ಇಲ್ಲ. ನಿಮಗೆ ಅವಳು ಚೆನ್ನಾಗಿ ಗೊತ್ತಲ್ಲ ಮಾಮಾ, ನೀವೊಂದು ಮಾತು ಹೇಳಿದರೆ ಸಾಕು" ಎಂದ. ಅಲ್ಲಿಯವರ ಬಾಯಲ್ಲಿ ಮಾಮಾ ಎಂದರೆ ಅಮ್ಮ. ಹಂಸಾ ಹೇಳುತ್ತೇನೆ ಎಂದಳು. ಹೊರಗೆ ಬಂದಳು. ಮ್ಯಾನೇಜರ್ ಕೋಣೆಯ ಬಾಗಿಲು ತೆರೆದೇ ಇತ್ತು. ಹೇಳಿದರೆ ಸುದ್ದಿ ದ್ವಾರಕಾನಾಥನ ಕಿವಿಗೆ ಬೀಳುತ್ತದೆ, ಹಾಗಾದರೆ ಅವಳು ಅಂದದ್ದೇನು ಎಂದು ಅವನು ಕೇಳುತ್ತಾನೆ. ರಿಸೆಪ್ಷನ್ನಿನ ಹುಡುಗಿಗೆ ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿ ಅವಳು ಕಾರು ಹತ್ತಿದಳು. ಆ ಕ್ಲಿನಿಕ್ಕಿಗೆ ಮತ್ತೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ, ಭುಜ ವಾಸಿಯಾಗಿತ್ತು.

ನವೆಂಬರಿನಲ್ಲಿ ನೈರೋಬಿಯ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿ ರಾಜ್ಯೋತ್ಸವ ಮಾಡಿದರು. ಹಳದಿ ಕೆಂಪು ಬಾವುಟ, ಮಕ್ಕಳ ನೃತ್ಯ, ಆಮೇಲೆ ಊಟ. ಯಾರೋ ಬೇರೆ ರಾಜ್ಯದ ಹುಡುಗಿ, ನಾವು ಬರದಿದ್ದರೆ ಬೆಂಗಳೂರಿನಲ್ಲಿ ಏನಿತ್ತು ಎಂದು ವಿಡಿಯೋ ಮಾಡಿದ್ದಳಂತೆ. ಗಂಡಸರೆಲ್ಲ ತಟ್ಟೆ ಹಿಡಿದುಕೊಂಡು ಅದರ ಮೇಲೆ ಕುದಿಯುತ್ತಿದ್ದರು. ಈಗಷ್ಟೇ ಅದೇ ಬೆಂಗಳೂರಿನ ರಸ್ತೆಗುಂಡಿ, ನೀರಿನ ಟ್ಯಾಂಕರು, ಕಾರ್ಪೊರೇಷನ್ನಿನ ಕಳ್ಳರನ್ನು ಬಾಯ್ತುಂಬ ಬೈದು ಮುಗಿಸಿದ್ದವರು.

"ಹೊರಗಿನೋರಿಗೆ ಸದರ ಕೊಡಬಾರದು" ಎಂದ ದ್ವಾರಕಾನಾಥ್. "ನಮ್ಮನೇಲೇ ಆಯ್ತಲ್ಲ. ಆ ಫಿಲಿಪಿನೋ ಹೆಂಗಸು ಹಂಸಾಗೆ ಏನೇನು ಅಂದಳು ಕೇಳಿ. ಈಗ ಕೆಲಸಾನೂ ಹೋಯ್ತಂತೆ. ದುಬೈ ಕಡೆ ಹೋದಳಂತೆ."

ಹಂಸಾಳಿಗೆ ಅದು ಗೊತ್ತಿರಲಿಲ್ಲ. ಕೈಯಲ್ಲಿದ್ದ ಸೌಟು ಪಾಯಸದ ಪಾತ್ರೆಯೊಳಗೇ ನಿಂತಿತು. ಎಲ್ಲರೂ ಅವಳ ಕಡೆ ತಿರುಗಿದರು. ಪ್ರಣತಿ ಹತ್ತಿರ ಬಂದಳು.

"ಅಮ್ಮ, ಡಿಡ್ ಶೀ ರಿಯಲಿ ಸೇ ದಟ್? ಶೆರಿಲ್ ಆಂಟಿ?"

ಮಗಳು ಹಾಗೆ ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಏನನ್ನಾದರೂ ಕೇಳಿ ಬಹಳ ದಿನವಾಗಿತ್ತು. ಅವಳ ಹಿಂದೆ ದ್ವಾರಕಾನಾಥ್ ನಿಂತಿದ್ದ, ಅವನ ಹಿಂದೆ ಮಧುಕರ, ಶ್ರೀರಂಜನಿ, ಊರಿನವರೆಲ್ಲ.

"ಹೋಗ್ಲಿ ಬಿಡು ಪುಟ್ಟಾ" ಎಂದಳು ಹಂಸಾ. "ಪಾಪ."

"ನಿಮ್ಮದು ದೊಡ್ಡ ಮನಸ್ಸು" ಎಂದಳು ಶ್ರೀರಂಜನಿ. ಪಾಪ ಎಂದದ್ದೇ ಸಾಕಾಗಿತ್ತು. ಅದರ ಮೇಲೆ ಇನ್ಯಾರೂ ಏನೂ ಕೇಳಲಿಲ್ಲ.

ಪ್ರಣತಿ ಸ್ವಲ್ಪ ಹೊತ್ತು ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಹತ್ತಿರದ ಮೇಜಿನ ಮೇಲಿಟ್ಟು, ಕುರ್ಚಿಗಳ ಸಾಲು ದಾಟಿ, ಬಾಗಿಲು ತಳ್ಳಿಕೊಂಡು ಹೊರಗೆ ನಡೆದಳು. ಅವಳ ಹಿಂದೆ ಹೋಗಬೇಕೆಂದು ಹಂಸಾಳಿಗೆ ಅನಿಸಿತು. ಹೋಗಿ ಏನು ಹೇಳುವುದು? ದ್ವಾರಕಾನಾಥ್ ಹೊಸದಾಗಿ ಬಂದ ಇನ್ನಿಬ್ಬರಿಗೆ ಆ ಭಾನುವಾರದ ಊಟದ ಕತೆಯನ್ನು ಮೊದಲಿನಿಂದ ಹೇಳತೊಡಗಿದ್ದ. ಹೇಳುತ್ತಲೇ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ಎತ್ತಿಕೊಂಡು ಅವಳಿಗೆ ಜಾಗ ಮಾಡಿಕೊಟ್ಟ. ಹಂಸಾ ಹೋಗಿ ಅಲ್ಲಿ ಕೂತಳು.